ಬೆಟ್ಟಕ್ಕೆ ಬೆವರಿನ ಸುಂಕ

ಬೆಟ್ಟವಿಲ್ಲದ ಊರಿನವನು ಬೆಟ್ಟದ ವಿಚಾರ ಮಾತನಾಡಬಹುದೆ? ನಮ್ಮ ಕಾಲೇಜಿನ ಉಪನ್ಯಾಸಕರ ಕೊಠಡಿಯಲ್ಲಿ, ಮೈಸೂರಿನ ಕಡೆಯಿಂದ ಬಂದ ಮಿತ್ರರೊಬ್ಬರು ಮೊನ್ನೆ ನನ್ನ ಬಾಯಿ ಮುಚ್ಚಿಸಲೆಂದು ಎಸೆದ ಪ್ರಶ್ನೆ ಇದು. ನನ್ನ ಮನೆ ಹುಮನಾಬಾದಿನಲ್ಲಿ. ಪಾಠ ಹೇಳುವುದು ಬಸವಕಲ್ಯಾಣದಲ್ಲಿ. ಎರಡರ ನಡುವೆ ದಿನವೂ ಬಸ್ಸಿನಲ್ಲಿ ಓಡಾಡುವವನಿಗೆ ಕಿಟಕಿಯಾಚೆ ಕಾಣುವುದು ತೊಗರಿ, ಜೋಳ, ಕಬ್ಬು, ಈಚೀಚೆಗೆ ಸೋಯಾ. ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆಯ ದಿಬ್ಬಗಳು. ದಿಬ್ಬವನ್ನು ಗುಡ್ಡವೆಂದು ನಾವು ಕರೆದರೆ ಮೈಸೂರಿನವರು ಮುಸಿಮುಸಿ ನಗುತ್ತಾರೆ. ತಲೆ ಎತ್ತಿ ನೋಡುವ ಭಾಗ್ಯ ಇವರಿಗೂ ಇರಲಿ ಎಂದೋ ಏನೋ, 2012ರಲ್ಲಿ ಬಸವಕಲ್ಯಾಣದಲ್ಲಿ ಬಸವಣ್ಣನವರ 108 ಅಡಿಯ ಪ್ರತಿಮೆ ಎದ್ದು ನಿಂತಿತು. ಅದರ ನೆತ್ತಿಗೆ ಹಗ್ಗದ ದಾರಿ ಬೇಕೆಂಬ ಬೇಡಿಕೆ ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ. ಬಿದ್ದರೂ ನನಗೆ ಆಶ್ಚರ್ಯವಾಗದು.

ನಮ್ಮ ವಾದ ಎದ್ದದ್ದು ಈ ಹಗ್ಗದ ದಾರಿಯ ಮೇಲೆಯೇ. ರೋಪ್‌ವೇ ಎಂದು ಪತ್ರಿಕೆಗಳು ಬರೆಯುತ್ತವೆ. ರಜ್ಜುಮಾರ್ಗ ಎಂದು ಸರ್ಕಾರದ ಕಾಗದಗಳಲ್ಲಿ ಇರುತ್ತದೆ. ಚಾಮುಂಡಿ ಬೆಟ್ಟಕ್ಕೆ ಇಂಥದೊಂದು ಬೇಕೆಂಬ ಪ್ರಸ್ತಾಪ ವರ್ಷಾನುಗಟ್ಟಲೆ ನಡೆದು, ಮೈಸೂರಿನ ಜನ ಬಲವಾಗಿ ವಿರೋಧಿಸಿದ್ದರಿಂದ 2022ರ ಜುಲೈನಲ್ಲಿ ಅದನ್ನು ಕೈಬಿಡಲಾಯಿತು. ಆ ಜಯದ ನೆನಪು ನನ್ನ ಮಿತ್ರರಲ್ಲಿ ಇನ್ನೂ ಹಸಿಯಾಗಿದೆ. ಅವರ ಮಾತಿನ ತಿರುಳಿಷ್ಟು: ಬೆಟ್ಟವನ್ನು ಹತ್ತಬೇಕಾದದ್ದು ಕಾಲಿನಿಂದ. ಬೆವರು ಸುರಿಸದೆ ಕಂಡ ದೇವರು ದೇವರಲ್ಲ. ಬೆವರು ಸುರಿಸದೆ ಕಂಡ ನೋಟ ನೋಟವೂ ಅಲ್ಲ. ಡಬ್ಬಿಯೊಳಗೆ ಕುಳಿತು ಮೇಲೇರುವವನು ಯಾತ್ರಿಕನಲ್ಲ, ಸಾಮಾನು.

ಮಾತು ಚೆನ್ನಾಗಿದೆ. ಎರಡು ವರ್ಷಗಳ ಹಿಂದೆ ನಾನೂ ಇದನ್ನೇ ಆಡುತ್ತಿದ್ದೆ. ತರಗತಿಯಲ್ಲಿ ಮೇಜು ಕುಟ್ಟಿ ಆಡುತ್ತಿದ್ದೆ. ಅಕ್ಕಮಹಾದೇವಿಯ ಪಾಠ ಬಂದಾಗಲೆಲ್ಲ, ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಆಕೆ ನಡೆದ ದಾರಿಯನ್ನು ಬಣ್ಣಿಸಿ, "ಇಂದಿನವರು ನೀವು, ಬಸ್ ನಿಲ್ದಾಣದಿಂದ ಕಾಲೇಜಿಗೆ ಬರಲು ಆಟೊ ಹುಡುಕುತ್ತೀರಿ" ಎಂದು ಹುಡುಗರನ್ನು ನಾಚಿಸುತ್ತಿದ್ದೆ. ಹುಡುಗರು ನಾಚಿದ್ದು ಕಡಿಮೆ. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅದಕ್ಕೆ ಕಾರಣಳಾದವಳು ನನ್ನ ತಾಯಿ. ಸ್ವಂತ ಮನೆಯ ಸಂಗತಿಯನ್ನು ಸಾರ್ವಜನಿಕ ವಾದಕ್ಕೆ ಎಳೆದು ತರುತ್ತಿರುವುದನ್ನು ಓದುಗರು ಮನ್ನಿಸಬೇಕು.

ನಮ್ಮ ಸೀಮೆಯಲ್ಲಿ ಶ್ರೀಶೈಲದ ಮಲ್ಲಯ್ಯನೆಂದರೆ ಮನೆಯ ಹಿರಿಯನಿದ್ದಂತೆ. ಯುಗಾದಿ ಹತ್ತಿರವಾದಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರ್ಗಿ, ರಾಯಚೂರು ಸೀಮೆಗಳಿಂದ ಜನ ಕಂಬಿ ಹೊತ್ತು, ಹಾಡು ಹೇಳುತ್ತ, ಕೆಲವರಂತೂ ಮರಗಾಲು ಕಟ್ಟಿಕೊಂಡು, ನಲ್ಲಮಲೆಯ ಕಾಡು ಹಾಯ್ದು ನಡೆದು ಹೋಗುತ್ತಾರೆ. ಭೀಮನಕೊಳ್ಳವನ್ನು ಇಳಿದು ಹತ್ತುವುದೆಂದರೆ ಗಟ್ಟಿ ಎದೆಯವರಿಗೂ ಉಸಿರು ಕಟ್ಟುತ್ತದೆ, ಆಮೇಲೆ ಕೈಲಾಸದ್ವಾರ. ಅದನ್ನು ದಾಟಿದವನು ಗುಡಿಯ ಶಿಖರ ಕಾಣುವ ಮೊದಲೇ ಅತ್ತುಬಿಡುತ್ತಾನೆಂದು ನನ್ನ ತಂದೆ ಹೇಳುತ್ತಿದ್ದರು. ಅವರು ಮೂರು ಸಲ ಹೀಗೆ ನಡೆದಿದ್ದರು. ಆ ಮೂರು ಯಾತ್ರೆಗಳ ಕಥೆಯನ್ನು ಸಾಯುವವರೆಗೂ ಹೇಳಿದರು. ಅಂಗಾಲಿನ ಬೊಬ್ಬೆ, ಹಳ್ಳದ ನೀರು, ದಾರಿಯ ಹಳ್ಳಿಗಳವರು ಯಾತ್ರಿಕರ ಕಾಲು ತೊಳೆದು ಉಣಬಡಿಸಿದ್ದು, ಎಲ್ಲವೂ ನನಗೆ ಬಾಯಿಪಾಠ.

ಅವ್ವ ಒಂದು ಸಲವೂ ಹೋಗಿರಲಿಲ್ಲ. ಅಪ್ಪ ಮೂರು ಸಲ ನಡೆಯುವಾಗ ಮನೆಯಲ್ಲಿ ಮೂವರು ಮಕ್ಕಳಿದ್ದೆವು, ಎರಡು ಎಮ್ಮೆಗಳಿದ್ದವು, ಹಾಸಿಗೆ ಹಿಡಿದ ಅಜ್ಜಿಯಿದ್ದಳು. ಮಕ್ಕಳು ದೊಡ್ಡವರಾಗಿ, ಎಮ್ಮೆ ಮಾರಿ, ಅಜ್ಜಿ ತೀರಿಕೊಂಡು ಅವಳಿಗೆ ಬಿಡುವಾಗುವ ಹೊತ್ತಿಗೆ ಮೊಳಕಾಲು ಹೋಗಿದ್ದವು. ಈಗ ಅವಳಿಗೆ ಎಪ್ಪತ್ತೆರಡು. ಮನೆಯ ಮುಂದಿನ ಮೂರು ಮೆಟ್ಟಿಲನ್ನು ಅಡ್ಡಡ್ಡ ತಿರುಗಿ ಇಳಿಯುತ್ತಾಳೆ.

ಎರಡು ವರ್ಷದ ಹಿಂದಿನ ದೀಪಾವಳಿ ರಜೆಯಲ್ಲಿ ಅವಳನ್ನು ಶ್ರೀಶೈಲಕ್ಕೆ ಕರೆದುಕೊಂಡು ಹೋದೆ. ಹೈದರಾಬಾದಿನ ಮೇಲೆ ಹಾಯ್ದು ಹೋಗುವ ದಾರಿ, ಬಾಡಿಗೆ ಕಾರು. ಮಲ್ಲಿಕಾರ್ಜುನನ ದರ್ಶನವೂ ಭ್ರಮರಾಂಬೆಯ ದರ್ಶನವೂ ಹೇಗೋ ಆದವು. ಮರುದಿನ ಬೆಳಿಗ್ಗೆ ಅವ್ವ ಪಾತಾಳಗಂಗೆ ಎಂದಳು. ಶ್ರೀಶೈಲವನ್ನು ಕಂಡವರಿಗೆ ಗೊತ್ತು: ಊರು ಮೇಲೆ, ಕೃಷ್ಣೆ ಕೆಳಗೆ, ನಡುವೆ ನೂರಾರು ಮೆಟ್ಟಿಲು. ಅಣೆಕಟ್ಟಿನ ಹಿನ್ನೀರು ತುಂಬಿ ನಿಂತಿತ್ತು. ಮೆಟ್ಟಿಲ ತಲೆಯಲ್ಲಿ ನಿಂತು ಅವಳು ಒಮ್ಮೆ ಕೆಳಗೆ ನೋಡಿದಳು, ಒಮ್ಮೆ ತನ್ನ ಮೊಳಕಾಲನ್ನು ನೋಡಿಕೊಂಡಳು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಪಕ್ಕದಲ್ಲಿಯೇ ಹಗ್ಗದ ದಾರಿ. ಆಂಧ್ರದವರು ಊರಿನಿಂದ ನದಿಗೆ ಇಳಿಯಲು ಕಟ್ಟಿದ್ದು. ನನ್ನ ಸಿದ್ಧಾಂತವನ್ನು ಜೇಬಿನಲ್ಲಿಟ್ಟುಕೊಂಡು ಟಿಕೇಟು ತೆಗೆದೆ. ಡಬ್ಬಿ ಬಂದು ನಿಂತದ್ದನ್ನು ಕಂಡು ಅವ್ವ, "ಇದೇನೋ ತಮ್ಮಾ, ಜಾತ್ರಿ ತೊಟ್ಟಿಲಿದ್ದಂಗದ" ಎಂದಳು. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಲ್ಲಿ ಗಿರಗಿರನೆ ತಿರುಗುವ ತೊಟ್ಟಿಲನ್ನು ಅವಳು ಎಷ್ಟೋ ವರ್ಷ ಕೆಳಗೆ ನಿಂತು ನೋಡಿದ್ದಾಳೆ, ಕುಳಿತಿಲ್ಲ. ಕುಳಿತಾಗ ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡಿದ್ದಳು. ಡಬ್ಬಿ ದಡ ಬಿಟ್ಟಿತು. ಒಂದು ಕ್ಷಣ ಹೊಟ್ಟೆಯೊಳಗೆ ಏನೋ ಜಾರಿದಂತಾಗಿ ನಾನೇ ಕಣ್ಣು ಮುಚ್ಚಿದೆ. ತೆರೆದಾಗ ಅವ್ವ ಗಾಜಿಗೆ ಹಣೆಯೊತ್ತಿ ನೋಡುತ್ತಿದ್ದಳು. ಎಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಕಂಬ ದಾಟುವಾಗ ಒಂದು ಕಟಕಟ, ಅಷ್ಟೆ. ಕೆಳಗೆ ಮರಗಳ ನೆತ್ತಿ, ಆಚೆ ಹಸಿರು ನೀರು, ಅದರಾಚೆ ಬಂಡೆಯ ಗೋಡೆ. "ಎಪ್ಪತ್ತ ವರ್ಷ ಗಿಡದ ಬುಡಾನೇ ನೋಡೀನಿ. ಇವತ್ತ ತಲಿ ನೋಡ್ಲತ್ತೀನಿ" ಎಂದಳು. ಕೆಳಗಿಳಿದು, ನೀರಿಗೆ ಕಾಲಿಟ್ಟು, ತಲೆಯ ಮೇಲೆ ಮೂರು ಬೊಗಸೆ ಹಾಕಿಕೊಂಡು, ಅಕ್ಕನ ಗವಿಗೆ ಹೋಗುವ ದೋಣಿಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಮತ್ತೆ ತೊಟ್ಟಿಲಲ್ಲಿಯೇ ಬೆಟ್ಟ ಹತ್ತಿದೆವು.

ಇನ್ನು ನನ್ನ ಮಿತ್ರರಿಗೆ ನನ್ನ ಪ್ರಶ್ನೆ. ನನ್ನ ತಾಯಿ ಕಂಡ ಕೃಷ್ಣೆ ಕೃಷ್ಣೆಯಲ್ಲವೆ? ಅಪ್ಪನ ಬೆವರಿಗೆ ಮಾತ್ರ ಬೆಲೆಯಿದ್ದು, ಅವನು ನಡೆಯುತ್ತಿದ್ದ ದಿನಗಳಲ್ಲಿ ಮನೆಯಲ್ಲಿ ಸೆಗಣಿ ಬಾಚಿ, ಅಜ್ಜಿಯ ಮಲ ಎತ್ತಿ, ಮಕ್ಕಳಿಗೆ ಬುತ್ತಿ ಕಟ್ಟಿದವಳ ಬೆವರನ್ನು ಮಲ್ಲಯ್ಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆ? ಕಾಲ್ನಡಿಗೆಯ ಪುಣ್ಯವನ್ನು ಹಾಡಿ ಹೊಗಳುವ ನಾವು, ನಡೆಯಲು ಬಿಡುವಿದ್ದವರು ಯಾರು ಎಂದು ಕೇಳುವುದಿಲ್ಲ. ಅಕ್ಕ ನಡೆದಳು, ನಿಜ. ಅಕ್ಕ ಮನೆಯನ್ನೇ ಬಿಟ್ಟು ನಡೆದಳು. ಮನೆಯನ್ನು ಹೊತ್ತುಕೊಂಡಿದ್ದವರಿಗೆ ಆ ದಾರಿ ತೆರೆದಿರಲಿಲ್ಲ. ತರಗತಿಯಲ್ಲಿ ಆಕೆಯ ಹೆಸರಿನಲ್ಲಿ ಹುಡುಗಿಯರನ್ನು ನಾಚಿಸಿದ್ದು ನನ್ನ ತಪ್ಪು.

ಇನ್ನೊಂದು ಸೋಜಿಗ. ಮೆಟ್ಟಿಲೇ ಸನಾತನ, ಹಗ್ಗ ಮಾತ್ರ ಆಧುನಿಕ ಎಂಬಂತೆ ಮಾತು ಸಾಗುತ್ತದೆ. ಮೆಟ್ಟಿಲನ್ನು ಬೆಟ್ಟ ತಾನಾಗಿ ಹೆತ್ತಿತೆ? ಶ್ರೀಶೈಲದ ದಾರಿಗೆ 14ನೆಯ ಶತಮಾನದಲ್ಲಿ ರೆಡ್ಡಿ ಅರಸರು ಮೆಟ್ಟಿಲು ಕಟ್ಟಿಸಿದರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು 17ನೆಯ ಶತಮಾನದ ದೊಡ್ಡದೇವರಾಜ ಒಡೆಯರ ಕಾಲದ್ದು. ಅಂದು ಮೈಸೂರಿನಲ್ಲಿ ಉಪನ್ಯಾಸಕರ ಕೊಠಡಿ ಇದ್ದಿದ್ದರೆ, ಅದರಲ್ಲೊಬ್ಬರು ಎದ್ದು ನಿಂತು, ಮುಳ್ಳು ಕಲ್ಲು ತುಳಿಯದೆ ಮೆಟ್ಟಿಲ ಮೇಲೆ ಹೋಗಿ ಕಂಡ ತಾಯಿ ತಾಯಿಯಲ್ಲ ಎಂದು ವಾದಿಸುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಮೆಟ್ಟಿಲೂ ಒಂದು ಅನುಕೂಲವೇ. ಗಟ್ಟಿಕಾಲಿನವರಿಗೆ ಸಾಕಾಗುವಷ್ಟು ಅನುಕೂಲ.

ಆದರೆ ಮಿತ್ರರ ಮೇಲೆ ನನಗಿರುವ ನಿಜವಾದ ತಕರಾರು ಇದಲ್ಲ. "ನೀವು ಕಡೆಯ ಸಲ ಚಾಮುಂಡಿ ಬೆಟ್ಟವನ್ನು ಹತ್ತಿದ್ದು ಹೇಗೆ?" ಎಂದು ಕೇಳಿದೆ. ಸ್ವಲ್ಪ ತಡೆದು, ಮಕ್ಕಳಿದ್ದರಲ್ಲ, ಹಾಗಾಗಿ ಕಾರಿನಲ್ಲಿ, ಎಂದರು. ಕಾರಿನಲ್ಲಿ! ಹಗ್ಗದ ಡಬ್ಬಿಯಲ್ಲಿ ಕುಳಿತವನು ಸಾಮಾನು. ತಗಡಿನ ಡಬ್ಬಿಗೆ ನಾಲ್ಕು ಗಾಲಿಯಿದ್ದರೆ ಒಳಗಿರುವವನು ಭಕ್ತ. ಬೆವರಿನ ಸುಂಕವನ್ನು ಬಡವರ ಮುದುಕಿಯರಿಂದ ವಸೂಲು ಮಾಡಿ ತಾವು ಮಾತ್ರ ಸುಂಕವಿಲ್ಲದ ದಾರಿಯಲ್ಲಿ ಹೋಗುವ ಈ ವ್ಯವಸ್ಥೆ ನನ್ನ ಮಿತ್ರರೊಬ್ಬರದೇ ಅಲ್ಲ. ಬೆಟ್ಟವನ್ನು ಉಳಿಸಿ ಎಂದು ಕೂಗುವ ನಮ್ಮ ಮಧ್ಯಮವರ್ಗದ ಬಹುಮಂದಿಯದು ಇದೇ ಲೆಕ್ಕ. ಬೆಟ್ಟವನ್ನು ನಿಜವಾಗಿ ತಿನ್ನುತ್ತಿರುವುದು ಯಾವುದು? 2021ರ ಆಗಸ್ಟಿನಲ್ಲಿ ನಂದಿ ಬೆಟ್ಟ ಕುಸಿದು ರಸ್ತೆ ಕೊಚ್ಚಿಹೋಯಿತು, ತಿಂಗಳುಗಟ್ಟಲೆ ಮುಚ್ಚಿತ್ತು. ಅದೇ ವರ್ಷ ಮಳೆಗಾಲದ ಕೊನೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿಯಿತು. ಎರಡೂ ಕಡೆ ಆಗ ಹಗ್ಗವಿರಲಿಲ್ಲ. ಇದ್ದದ್ದು ರಸ್ತೆ. ರಸ್ತೆ ಬೆಟ್ಟದ ಹೊಟ್ಟೆಯನ್ನು ಉದ್ದಕ್ಕೂ ಸೀಳುತ್ತದೆ, ನೀರಿನ ದಾರಿ ತಪ್ಪಿಸುತ್ತದೆ, ಮೇಲೆ ಹೋದಮೇಲೆ ವಾಹನ ನಿಲ್ಲಿಸಲು ಜಾಗ ಕೇಳುತ್ತದೆ. ಹಗ್ಗ ಕೇಳುವುದು ಕೆಲವು ಕಂಬಗಳ ಬುಡದಷ್ಟು ನೆಲ, ಎರಡು ತುದಿಗೆ ಎರಡು ನಿಲ್ದಾಣ. ಇಳಿಯುವ ಡಬ್ಬಿಯ ಭಾರ ಏರುವ ಡಬ್ಬಿಗೆ ನೆರವಾಗುತ್ತದೆ; ರಾಟೆಗೆ ಎರಡು ಕೊಡ ಕಟ್ಟಿ ನೀರು ಸೇದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೇನೂ ನಮಗೆ ಹೊಸ ವಿದ್ಯೆಯಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿಗೆ ಇಳಿಯುತ್ತಿದ್ದದ್ದು ಹಗ್ಗದ ಮೇಲೆಯೇ. ಕಲ್ಲುಮಣ್ಣಿಗೆ ಸಿಕ್ಕ ಸವಾರಿ ಮನುಷ್ಯರಿಗೆ ಸಿಕ್ಕರೆ ಮಾತ್ರ ಧರ್ಮ ಕೆಡುತ್ತದೆಯೆ?

ಬೆವರಿನವರ ಕೊನೆಯ ಅಸ್ತ್ರ ಡೋಲಿ. ಕಾಲಿಲ್ಲದವರಿಗೆ ಡೋಲಿಯಿದೆಯಲ್ಲ, ಅದು ಸಂಪ್ರದಾಯ, ನಾಲ್ಕು ಜನರಿಗೆ ಅನ್ನ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ಶ್ರವಣಬೆಳಗೊಳದಲ್ಲಿ ಇಂದ್ರಗಿರಿಯ ಬುಡದಲ್ಲಿ ನಾನು ಅವ್ವನಿಗೆ ಡೋಲಿ ಗೊತ್ತುಮಾಡಲು ಹೊರಟಿದ್ದೆ. ಅವಳು ಒಪ್ಪಲಿಲ್ಲ. "ಹೆಗಲ ಮ್ಯಾಲ ಒಂದ ಸಲ ಹೋಗೂದು ಇದ್ದೇ ಅದ. ಈಗೇ ಯಾಕ?" ಎಂದು ಕೆಳಗೇ ಕುಳಿತು ಗೊಮ್ಮಟನ ತಲೆಯಷ್ಟನ್ನೇ ಕಂಡು ಬಂದಳು. ಮನುಷ್ಯನೊಬ್ಬ ಇನ್ನೊಬ್ಬ ಮನುಷ್ಯನನ್ನು ಹೊತ್ತು ಏದುಸಿರು ಬಿಡುತ್ತ ಬೆಟ್ಟ ಹತ್ತುವುದನ್ನು ಸಂಪ್ರದಾಯವೆಂದು ಕೊಂಡಾಡುವ ಮಾತನ್ನು ಬೇರೆಲ್ಲಿಯಾದರೂ ಆಡಲಿ. ಕಾಯಕದ ಘನತೆಯನ್ನು ಲೋಕಕ್ಕೆ ಹೇಳಿದ ಕಲ್ಯಾಣದಲ್ಲಿ ನಿಂತು ಆಡುವುದು ಬೇಡ.

ಹಾಗೆಂದು ಆ ಅನ್ನದ ಮಾತು ಸುಳ್ಳಲ್ಲ. ಇಲ್ಲಿ ನಾನು ಸ್ವಲ್ಪ ತಡವರಿಸುತ್ತೇನೆ. ವೈಷ್ಣೋದೇವಿಯ ಕಟ್ರಾ ಊರಿನಲ್ಲಿ 2024ರ ಕೊನೆಗೆ ಡೋಲಿ ಹೊರುವವರು, ಕುದುರೆಯವರು, ಅಂಗಡಿಯವರು ಹಗ್ಗದ ದಾರಿಯ ವಿರುದ್ಧ ಬೀದಿಗಿಳಿದರು. ಅವರು ಬೆವರಿನ ಮಹಿಮೆ ಹಾಡಲಿಲ್ಲ. ಬೆವರೇ ಅವರ ಗಳಿಕೆ. ಅವರ ವಿರೋಧಕ್ಕೂ ನನ್ನ ಮಿತ್ರರ ವಿರೋಧಕ್ಕೂ ಅಜಗಜಾಂತರ. ಹಗ್ಗ ಕಟ್ಟುವವರು ಟೆಂಡರು ಕರೆಯುವ ಮೊದಲು, ಹೆಗಲು ಖಾಲಿಯಾದವರಿಗೆ ಯಾವ ಕೆಲಸ ಎಂಬುದನ್ನು ಬರೆದು ಕೊಡಬೇಕು. ಆಮೇಲೆ ನೋಡೋಣ ಎಂಬುದು ಉತ್ತರವಲ್ಲ. ಈ ಪ್ರಶ್ನೆಗೆ ನನ್ನ ಕೈಯಲ್ಲಿ ಸಿದ್ಧ ಉತ್ತರವೂ ಇಲ್ಲ.

ಇಷ್ಟು ಓದಿದ ಮೇಲೆ ಪ್ರವಾಸೋದ್ಯಮದ ಮಹನೀಯರು ನನ್ನನ್ನು ತಮ್ಮವನೆಂದು ತಿಳಿದು ಹಾರ ತರುವುದು ಬೇಡ. ಅವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು.

ಅವರ ಕೈಯಲ್ಲಿ ಹಗ್ಗದ ದಾರಿ ಮತ್ತೆ ಜಾತ್ರೆಯ ತೊಟ್ಟಿಲಾಗಿದೆ. ಬೆಟ್ಟ, ಬೆಟ್ಟದ ಮೇಲೊಂದು ಗಾಜಿನ ಸೇತುವೆ, ಫೋಟೋ ತೆಗೆಸಿಕೊಳ್ಳುವ ಕಟ್ಟೆ, ಊಟದ ಮಳಿಗೆ, ಇವುಗಳ ಜೊತೆಗೆ ಹಗ್ಗದ ಡಬ್ಬಿ. 2022-23ರ ಕೇಂದ್ರ ಮುಂಗಡಪತ್ರದಲ್ಲಿ ಪರ್ವತಮಾಲಾ ಎಂಬ ಯೋಜನೆ ಬಂದಾಗ, ಕಡಿದಾದ ಬೆಟ್ಟನಾಡುಗಳಲ್ಲಿ ರಸ್ತೆಯ ಬದಲು ಹಗ್ಗ ಎಂಬುದು ಅದರ ಒಳ್ಳೆಯ ಮಾತಾಗಿತ್ತು. ಆ "ಬದಲು" ಎಂಬ ಪದ ದೆಹಲಿಯಿಂದ ನಮ್ಮ ಕಡೆಗೆ ಬರುವಾಗ ದಾರಿಯಲ್ಲಿ ಎಲ್ಲೋ ಉದುರಿಹೋಗಿದೆ. ನಮ್ಮಲ್ಲಿ ಹಗ್ಗ ಬರುವುದು ರಸ್ತೆಯ ಬದಲಿಗಲ್ಲ, ರಸ್ತೆಯ ಜೊತೆಗೆ. ಜೊತೆಗೆ ಬರುವ ಹಗ್ಗ ಬೆಟ್ಟದ ಹೊರೆಯನ್ನು ಇಳಿಸುವುದಿಲ್ಲ, ಇಮ್ಮಡಿ ಮಾಡುತ್ತದೆ.

ನಂದಿಯನ್ನೇ ತೆಗೆದುಕೊಳ್ಳಿ. ನಂದಿ ಬೆಟ್ಟಕ್ಕೆ ಹಗ್ಗದ ದಾರಿಯ ಕನಸು ಕಂಡವರಲ್ಲಿ ನಮ್ಮ ಶಂಕರ್ ನಾಗ್ ಒಬ್ಬರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಕನಸು ಕಾಗದದಲ್ಲಿಯೇ ಉಳಿಯಿತು. 2023ರ ಮಾರ್ಚಿನಲ್ಲಿ, ಸುಮಾರು 3 ಕಿಲೊಮೀಟರು ಉದ್ದದ, 93 ಕೋಟಿ ರೂಪಾಯಿಗಳ ಯೋಜನೆಗೆ ಅಡಿಗಲ್ಲು ಬಿತ್ತು. ಸಂತೋಷ. ಆದರೆ ಬೆಂಗಳೂರಿನಿಂದ ಭಾನುವಾರ ಬೆಳಗಿನ ಜಾವ ಮಂಜು ನೋಡಲು ಹೊರಡುವ ಕಾರುಗಳ ಸಾಲನ್ನು ಬುಡದಲ್ಲಿಯೇ ನಿಲ್ಲಿಸುತ್ತೇವೆಂದು ಯಾರಾದರೂ ಎದೆ ತಟ್ಟಿ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳದಿದ್ದರೆ, ಹಗ್ಗದಲ್ಲಿ ಬರುವವರೂ ಬರುತ್ತಾರೆ, ಕಾರಿನಲ್ಲಿ ಬರುವವರೂ ಬರುತ್ತಾರೆ. 1478 ಮೀಟರ್ ಎತ್ತರದ ಆ ಪುಟ್ಟ ನೆತ್ತಿ ಇಬ್ಬರನ್ನೂ ಹೊರಬೇಕು. ಸಂಪಂಗಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಬಿಸಾಡುವ ಕೈಗೆ ತಾನು ಬಂದದ್ದು ಗಾಲಿಯ ಮೇಲೋ ಹಗ್ಗದ ಮೇಲೋ ಎಂಬ ಭೇದವಿಲ್ಲ.

ತೊಟ್ಟಿಲಿಗೂ ಬಸ್ಸಿಗೂ ಇರುವ ವ್ಯತ್ಯಾಸವನ್ನು ನಮ್ಮವರು ದಕ್ಷಿಣ ಅಮೆರಿಕಕ್ಕೆ ಹೋಗಿ ಕಲಿಯಬೇಕಾಗಿದೆ. ಬೊಲಿವಿಯಾ ಬಡ ದೇಶ. ಅದರ ಲಾ ಪಾಜ್ ನಗರ ಕಣಿವೆಯಲ್ಲಿದೆ. ದುಡಿಯುವ ಜನರ ಎಲ್ ಆಲ್ಟೊ ನಗರ ಮೇಲಿನ ಪ್ರಸ್ಥಭೂಮಿಯಲ್ಲಿ, ಸುಮಾರು 4000 ಮೀಟರು ಎತ್ತರದಲ್ಲಿ. 2014ರಲ್ಲಿ ಅಲ್ಲಿ ಹಗ್ಗದ ದಾರಿ ಆರಂಭವಾಯಿತು. ಈಗ ಹತ್ತು ಮಾರ್ಗಗಳಿವೆ. ತರಕಾರಿ ಬುಟ್ಟಿ ಹಿಡಿದ ಹೆಂಗಸರು, ಶಾಲೆಯ ಮಕ್ಕಳು, ಕೂಲಿಯವರು ದಿನವೂ ಅದರಲ್ಲಿ ಏರುತ್ತಾರೆ, ಇಳಿಯುತ್ತಾರೆ. ಹಿಮದ ಶಿಖರ ಅವರಿಗೂ ಕಾಣುತ್ತದೆ. ಅದಕ್ಕೆಂದು ಯಾರೂ ಬೇರೆ ದುಡ್ಡು ಕೇಳುವುದಿಲ್ಲ. ನೋಟ ಅಲ್ಲಿ ಸವಾರಿಯ ಮೇಲಿನ ಕೊಸರು. ನಮ್ಮಲ್ಲಿ ಕೊಸರನ್ನೇ ತೂಗಿ ಮಾರುತ್ತಾರೆ. ಗುಲ್ಮರ್ಗದಲ್ಲಿ 1998ರಲ್ಲೇ ಗೊಂಡೋಲ ಬಂತು. ಆದರೆ ಅದು ಹನಿಮೂನಿನವರದು, ಹಿಮದಾಟದವರದು. ಅಲ್ಲಿಯ ಹಳ್ಳಿಯವರು ಸೌದೆ ಹೊತ್ತು ಅದರಲ್ಲಿ ಹೋದ ಸುದ್ದಿಯಿಲ್ಲ. ಕಾಶಿಯಲ್ಲಿ ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ಗೊಡೌಲಿಯಾಕ್ಕೆ ನಗರ ಸಾರಿಗೆಗೆಂದೇ ಹಗ್ಗ ಹಾಕಲು 2023ರಲ್ಲಿ ಅಡಿಗಲ್ಲಿಟ್ಟರು. ಬೆಟ್ಟವೇ ಇಲ್ಲದ ಕಾಶಿ! ಬೆಟ್ಟವಿಲ್ಲದವರಿಗೂ ಈ ವಿಷಯದಲ್ಲಿ ಮಾತಿದೆ ಎಂಬುದಕ್ಕೆ ನನಗೆ ಇಷ್ಟು ಸಾಕು.

ಅಪಾಯದ ಮಾತು ಬಂದೇ ಬರುತ್ತದೆ. 2017ರ ಜೂನಿನಲ್ಲಿ ಗುಲ್ಮರ್ಗದಲ್ಲಿ ಗಾಳಿಗೆ ಮರವೊಂದು ಹಗ್ಗದ ಮೇಲೆ ಬಿದ್ದು ಏಳು ಜನ ಸತ್ತರು. 2022ರ ಏಪ್ರಿಲಿನಲ್ಲಿ ದೇವಘರದ ತ್ರಿಕೂಟ ಬೆಟ್ಟದಲ್ಲಿ ಡಬ್ಬಿಗಳು ಡಿಕ್ಕಿಯಾಗಿ, ಜನ ಎರಡು ರಾತ್ರಿ ಆಕಾಶದಲ್ಲಿ ತೂಗಾಡಿದರು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಆದರೂ ಮೂವರು ಉಳಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾವಾಗಢದಲ್ಲಿ ಸಾಮಾನಿನ ಹಗ್ಗ ಹರಿದು ಆರು ಜನ ಹೋದರು. ಇವನ್ನೆಲ್ಲ ನಾನು ಮರೆತಿಲ್ಲ. ಶ್ರೀಶೈಲದ ಡಬ್ಬಿಯಲ್ಲಿ ಕಣ್ಣು ಮುಚ್ಚಿದ್ದಾಗ ಒಂದೊಂದಾಗಿ ನೆನಪಿಗೆ ಬಂದಿದ್ದವು. ಆದರೆ 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,000ಕ್ಕೂ ಹೆಚ್ಚು. ಅದಕ್ಕೆ ಹೆದರಿ ಕಾರು ಬಿಟ್ಟವರನ್ನು ನಾನು ಕಂಡಿಲ್ಲ. ಹಗ್ಗದ ಸಾವು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ರಸ್ತೆಯ ಸಾವು ಒಳಪುಟದ ಮೂಲೆಗೆ. ಹಗ್ಗಕ್ಕೆ ಬೇಕಾದದ್ದು ಹೆದರಿಕೆಯಲ್ಲ. ದಿನದಿನದ ತಪಾಸಣೆ, ಗಾಳಿ ಎದ್ದರೆ ಟಿಕೇಟಿನ ಆಸೆ ಬಿಟ್ಟು ನಿಲ್ಲಿಸುವ ಧೈರ್ಯ.

ಹಾಗಾದರೆ ಚಾಮುಂಡಿಗೆ ಹಗ್ಗ ಬೇಕೆ ಎಂದು ಮಿತ್ರರು ಗೆಲುವಿನ ನಗೆ ನಕ್ಕು ಕೇಳಿದರು. ಬೇಡ, ಎಂದೆ. ಅವರಿಗೆ ಗೊಂದಲವಾಯಿತು. ಬೇಡ ಎನ್ನಲು ನನ್ನ ಕಾರಣ ಬೇರೆ. ಚಾಮುಂಡಿಗೆ ಆಗಲೇ ರಸ್ತೆಯಿದೆ, ಬಸ್ಸಿದೆ. ಈಚಿನ ವರ್ಷಗಳಲ್ಲಿ ಆಷಾಢ ಶುಕ್ರವಾರಗಳಂದು ಮೈಸೂರಿನ ಆಡಳಿತವೇ ಖಾಸಗಿ ವಾಹನಗಳನ್ನು ತಡೆದು, ಲಲಿತಮಹಲಿನ ಬಳಿಯ ಮೈದಾನದಿಂದ ಸರ್ಕಾರಿ ಬಸ್ಸುಗಳಲ್ಲಿ ಜನರನ್ನು ಮೇಲೆ ಕರೆದೊಯ್ಯುತ್ತದೆ. ವರ್ಷದ ಅತಿ ದೊಡ್ಡ ಜನಸಂದಣಿಯ ದಿನ ಸಾಧ್ಯವಾಗುವುದು ಮಿಕ್ಕ ದಿನಗಳಲ್ಲಿ ಏಕೆ ಸಾಧ್ಯವಿಲ್ಲ? ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಬುಡದಲ್ಲಿ ಕಾರು ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಆಕಾಶವೇನೂ ಕಳಚಿ ಬಿದ್ದಿಲ್ಲ. 2022ರಲ್ಲಿ ಚಾಮುಂಡಿಗೆ ಹಗ್ಗ ಬೇಡವೆಂದು ಗೆದ್ದವರು ಮರುದಿನವೇ ಕಾರೂ ಬೇಡ ಎಂದು ಕೂಗಬೇಕಾಗಿತ್ತು. ಕೂಗಿದವರು ಇದ್ದಾರು; ಆ ಕೂಗು ಕಲ್ಯಾಣದವರೆಗೆ ಕೇಳಿಸಲಿಲ್ಲ. ಕೇಳಿಸಿದ್ದು ವಿಜಯೋತ್ಸವ.

ಅಂದರೆ ನನ್ನ ಅಳತೆಗೋಲು ಒರಟು. ಯಾವುದೇ ಬೆಟ್ಟಕ್ಕೆ ಹಗ್ಗ ಹಾಕುತ್ತೇವೆ ಎಂದವರಿಗೆ ನಾನು ಕೇಳುವುದು ಮೂರೇ ಮಾತು: ಯಾವ ರಸ್ತೆಯನ್ನು ಮುಚ್ಚುತ್ತೀರಿ? ಕೂಲಿ ಮಾಡುವವಳಿಗೆ ಟಿಕೇಟು ಎಷ್ಟು? ನಡೆಯುವವನ ದಾರಿ ಹಾಗೆಯೇ ಇರುತ್ತದೆಯೆ? ಕಡೆಯದನ್ನು ಮರೆಯಬಾರದು. ಹಗ್ಗ ಬಂದರೆ ಭೀಮನಕೊಳ್ಳದ ಕಾಲುದಾರಿ ಹಾಳು ಬೀಳಬೇಕಾಗಿಲ್ಲ. ಕಂಬಿ ಹೊತ್ತವನು ನಡೆಯಲಿ, ಹಾಡಲಿ, ಅಳಲಿ. ನನ್ನ ತಂದೆ ನಡೆದದ್ದು ದೊಡ್ಡದೇ. ಅದನ್ನು ಸಣ್ಣದು ಮಾಡುವ ಮಗ ನಾನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಅಪ್ರಾಮಾಣಿಕತೆಯಾದೀತು. ಹೈದರಾಬಾದಿನಿಂದ ಶ್ರೀಶೈಲಕ್ಕೆ ನಾವು ಹೋದ ರಸ್ತೆ ಹುಲಿಗಳ ಕಾಡಿನ ನಡುವೆ ಹಾಯುತ್ತದೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ನಮ್ಮ ಬಂಡೀಪುರದಲ್ಲಿ 2009ರಿಂದ ರಾತ್ರಿ ಸಂಚಾರ ನಿಲ್ಲಿಸಿದ ಹಾಗೆ. ಸಂಜೆ ತಡವಾಗಿ, ಗೇಟು ಮುಚ್ಚುವ ಮೊದಲು ದಾಟಿಬಿಡಬೇಕೆಂದು ನಾನೇ ಚಾಲಕನಿಗೆ ಬೇಗ ಬೇಗ ಎಂದು ಅವಸರ ಮಾಡಿದೆ. ತಿರುವೊಂದರಲ್ಲಿ ದೀಪದ ಬೆಳಕಿಗೆ ಜಿಂಕೆಯೊಂದು ಬೆದರಿ ನಿಂತು, ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಅವ್ವ, "ಮಲ್ಲಯ್ಯನ ಮನಿಗಿ ಹೊಂಟು ಅವನ ಮಕ್ಕಳಿಗೆ ಹಾಯಿಸ್ತಿದ್ದೆಲ್ಲೋ" ಎಂದಳು. ಹೈದರಾಬಾದಿನಿಂದ ಬಸ್ಸಿತ್ತು. ಸಾಲಿನಲ್ಲಿ ನಿಲ್ಲುವ ಬೇಸರಕ್ಕೆ ಕಾರು ಹಿಡಿದಿದ್ದೆ. ಹೀಗಾಗಿ ಮೈಸೂರಿನ ಮಿತ್ರರ ಕಾರಿನ ವಿಷಯದಲ್ಲಿ ನಾನು ಆಡಿದ ಮಾತುಗಳಲ್ಲಿ ಅರ್ಧದಷ್ಟನ್ನು ಅವರು ನನಗೆ ಹಿಂದಿರುಗಿಸಬಹುದು, ತೆಗೆದುಕೊಳ್ಳಲು ಸಿದ್ಧನಿದ್ದೇನೆ.

ಬರುವ ಆಷಾಢಕ್ಕೆ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ, ಈ ಸಲ ರೈಲಿನಲ್ಲಿ. ಶುಕ್ರವಾರ ಬೆಳಿಗ್ಗೆ ಲಲಿತಮಹಲಿನ ಮೈದಾನದಲ್ಲಿ ಸಾಲಿನಲ್ಲಿ ನಿಂತು ಬಸ್ಸು ಹತ್ತುತ್ತೇವೆ. ಬಸ್ಸಿನ ಮೆಟ್ಟಿಲು ಎತ್ತರವಿರುತ್ತದೆ, ಅದಕ್ಕೊಂದು ಉಪಾಯ ಮಾಡಬೇಕು. ಮಿತ್ರರನ್ನೂ ಕರೆದಿದ್ದೇನೆ. ರಜೆ ಸಿಕ್ಕರೆ ನೋಡೋಣ ಎಂದಿದ್ದಾರೆ. ಸಿಕ್ಕರೆ, ಕಾರು ತರುತ್ತಾರೋ ಕಾಲು ತರುತ್ತಾರೋ ನಾನೂ ನೋಡಬೇಕು.